ತಕಾವಿಯಿಂದ ಪರಿಹಾರ ನಿಧಿಯವರೆಗೆ



ನೆರೆ ಬಂದು ಮನೆ ಕುಸಿದರೆ ಸರ್ಕಾರ ಪರಿಹಾರ ಕೊಡಬೇಕು ಎಂದು ನಾವು ಸಹಜವಾಗಿ ಹೇಳುತ್ತೇವೆ. ಈ ಮಾತು ಇಷ್ಟು ಸಹಜವಾಗಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1876-78ರ ಧಾತು-ಈಶ್ವರ ಬರವನ್ನು ನೀವು ಕೇಳಿರಬಹುದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದುರಂತದ ಬಳಿಕ ರಿಚರ್ಡ್ ಸ್ಟ್ರೇಚಿ ಅವರ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ನೀಡಿತು. ದುಡಿಯಬಲ್ಲವರಿಗೆ ಕಾಮಗಾರಿಯಲ್ಲಿ ಕೂಲಿ, ಅಶಕ್ತರಿಗೆ ಉಚಿತ ನೆರವು ಎಂಬ ನಿಯಮ ಕ್ಷಾಮ ಸಂಹಿತೆಗಳಲ್ಲಿ ಸೇರಿತು.

ಜೀವ ಉಳಿಯಿತು, ಸರಿ. ಬದುಕನ್ನು ಮತ್ತೆ ಕಟ್ಟಿಕೊಳ್ಳುವುದು ಹೇಗೆ? ಅದಕ್ಕೆ ಬಂದದ್ದು 1884ರ ಕೃಷಿಕರ ಸಾಲ ಕಾಯ್ದೆ. ಬಿತ್ತನೆ ಬೀಜಕ್ಕೆ, ದನಕರುಗಳಿಗೆ ಸರ್ಕಾರ ಹಣ ಕೊಡತೊಡಗಿತು. ರೈತರ ಬಾಯಲ್ಲಿ ಇದು ತಕಾವಿ. ಆದರೆ ಅದು ಸಾಲ. ತೀರಿಸದಿದ್ದರೆ ಕಂದಾಯದ ಬಾಕಿಯಂತೆ ವಸೂಲಿ. ಜಮೀನಿಲ್ಲದ ಕೂಲಿಯವನಿಗೆ ಅದೂ ಇಲ್ಲ.

ಸ್ವಾತಂತ್ರ್ಯಾನಂತರ ಹಣಕಾಸು ಆಯೋಗಗಳು ಈ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಂಡವು. ಒಂಬತ್ತನೆಯ ಆಯೋಗದ ಶಿಫಾರಸಿನಂತೆ 1990ರಲ್ಲಿ ಪ್ರತಿ ರಾಜ್ಯಕ್ಕೂ ವಿಪತ್ತು ಪರಿಹಾರ ನಿಧಿ ಬಂತು. ನಾಲ್ಕರಲ್ಲಿ ಮೂರು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು. ಆಪತ್ತು ಬರುವ ಮೊದಲೇ ಹಣ ತೆಗೆದಿಡುವುದು ಇದರ ಮರ್ಮ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಕನಿಷ್ಠ ನೆರವಿನ ಮಟ್ಟವನ್ನು ನಿಗದಿ ಮಾಡುವ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿತು. 2019ರ ನೆರೆಯ ವೇಳೆಗೆ, ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರದ ನಿಯಮದಲ್ಲಿದ್ದ ಮೊತ್ತ 95,100 ರೂಪಾಯಿ. ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು 5 ಲಕ್ಷಕ್ಕೆ ಏರಿಸಿತು.

ಹಾಗಾದರೆ ಕೊರತೆ ಎಲ್ಲಿದೆ? ನಾನು ವಿಜ್ಞಾನ ಓದಿದವನು, ಅಳತೆಯಲ್ಲಿ ನಂಬಿಕೆಯುಳ್ಳವನು. ಪರಿಹಾರ ನಿಂತಿರುವುದೂ ಅಳತೆಯ ಮೇಲೆಯೇ. ಆದರೆ 2009ರ ನೆರೆಯ ನಂತರ ಚಿತ್ರೀಕರಣಕ್ಕೆಂದು ಮಲಪ್ರಭೆಯ ದಂಡೆಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ಅಜ್ಜಿಯೊಬ್ಬರು ಹೇಳಿದರು: "ತಮ್ಮಾ, ಮನಿ ಬಿದ್ದಿದ್ದು ಕಣ್ಣಿಗೆ ಕಾಣತೈತಿ. ಆದ್ರ ಕಾಗದಾ ತಾ ಅಂತಾರ. ಅದೂ ಹೊಳಿ ಪಾಲಾತಲ್ಲೋ!"

ಕ್ಯಾಮರಾ ನಡೆಯುತ್ತಲೇ ಇತ್ತು. ನನ್ನ ಬಳಿ ಉತ್ತರವಿರಲಿಲ್ಲ.

ಅಂದು ತಕಾವಿ ತಲುಪಿದ್ದು ಜಮೀನಿದ್ದವರಿಗೆ. ಇಂದು ಪರಿಹಾರ ಬೇಗ ತಲುಪುವುದು ದಾಖಲೆ ಇದ್ದವರಿಗೆ. ಸಾಲ ಹೋಗಿ ಸಹಾಯವಾಯಿತು, ಸಹಾಯಕ್ಕೆ ಕಾಯ್ದೆಯ ಆಸರೆಯೂ ಸಿಕ್ಕಿತು. ಬಾಡಿಗೆ ಮನೆಯವರನ್ನು, ಹಕ್ಕುಪತ್ರವಿಲ್ಲದವರನ್ನು ಗುರುತಿಸುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ. ನಿಮ್ಮ ಊರಿನಲ್ಲಿ ಪಂಚನಾಮೆ ನಡೆದಾಗ, ಪಟ್ಟಿಯಲ್ಲಿ ನಿಮ್ಮ ಹೆಸರನ್ನು ನೋಡಿಕೊಂಡ ಮೇಲೆ ಪಕ್ಕದ ಮನೆಯವರ ಹೆಸರನ್ನೂ ಒಮ್ಮೆ ಹುಡುಕಿ.