ಗುಜರಿಗೆ ಹೋಗಬೇಕಿದ್ದ ಬಾಂಬರ್‌ಗಳು ಬೆಂಗಳೂರಿಗೆ ಬಂದ ಕಥೆ

ಎರಡನೇ ಮಹಾಯುದ್ಧದ ವಿಮಾನಗಳೆಲ್ಲ ಏನಾದವು ಅಂತ ಕೇಳಿದರೆ, ಯುದ್ಧದಲ್ಲೇ ಬಿದ್ದುಹೋದವು ಅನ್ನೋರೇ ಹೆಚ್ಚು. ಅದು ಅರ್ಧ ಸತ್ಯ. ಯುದ್ಧ ಮುಗಿಸಿ ಕ್ಷೇಮವಾಗಿ ನೆಲಕ್ಕಿಳಿದ ಸಾವಿರಾರು ವಿಮಾನಗಳನ್ನು ನಾವೇ ಮನುಷ್ಯರು ಒಡೆದು, ಕರಗಿಸಿದೆವು. ಅಮೆರಿಕದ ಬಿ-24 ಲಿಬರೇಟರ್ ಬಾಂಬರನ್ನೇ ನೋಡಿ. ತಯಾರಾದದ್ದು 18 ಸಾವಿರಕ್ಕೂ ಹೆಚ್ಚು. ಇವತ್ತು ಇಡಿಯಾಗಿ ಉಳಿದಿರುವುದು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲೂ ಹಲವು ಉಳಿದದ್ದು ಬೆಂಗಳೂರಿನ ದೆಸೆಯಿಂದ.

ಒಡೆದದ್ದು ಯಾಕೆ?

ಬ್ರಿಟನ್‌ಗೆ ಈ ವಿಮಾನಗಳು ಸಿಕ್ಕಿದ್ದು ಲೆಂಡ್-ಲೀಸ್ ಒಪ್ಪಂದದಡಿ. ಯುದ್ಧ ಮುಗಿದ ಮೇಲೆ ಇಟ್ಟುಕೊಳ್ಳಬೇಕೆಂದರೆ ದುಡ್ಡು ಕೊಡಬೇಕು. ಇಲ್ಲವಾದರೆ ವಾಪಸ್ ಕೊಡಬೇಕು, ಅಥವಾ ಹಾಳುಮಾಡಬೇಕು. ಹೀಗಾಗಿ ಕಾನ್ಪುರದಲ್ಲಿ ಸಾಲಾಗಿ ನಿಂತಿದ್ದ ಲಿಬರೇಟರ್‌ಗಳನ್ನು ಬೇಕೆಂದೇ ಕೆಡಿಸಿ, ಬಿಟ್ಟು ಹೋದರು. ಇಲ್ಲಿ ವಿಮಾನಕ್ಕೆ ಶತ್ರುವಾದದ್ದು ಲೆಕ್ಕಪತ್ರ.

ಸ್ವತಂತ್ರ ಭಾರತದ ವಾಯುಪಡೆಗೆ ಭಾರಿ ಬಾಂಬರ್‌ಗಳು ಬೇಕಿದ್ದವು. 1940ರಲ್ಲಿ ಶುರುವಾಗಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ ದೊಡ್ಡ ವಿಮಾನಗಳ ರಿಪೇರಿ ಹೊಸದಲ್ಲ. ಯುದ್ಧಕಾಲದಲ್ಲಿ ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಇದೇ ಕಾರ್ಖಾನೆಗೆ ಬರುತ್ತಿದ್ದವು. ಈಗ ಅಲ್ಲಿನ ತಂಡ ಕಾನ್ಪುರಕ್ಕೆ ಹೋಗಿ, ಹಾರುವಷ್ಟರ ಮಟ್ಟಿಗೆ ಮಾತ್ರ ದುರಸ್ತಿ ಮಾಡಿತು. ಕಂಪನಿಯ ಪೈಲಟ್ ಜಮ್ಷೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ತಿ ಕೆಲಸ ನಡೆದದ್ದು ಇಲ್ಲಿ. ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಬೆರಗಾಗೋದು ಆ ಮೊದಲ ಹಾರಾಟ. ಬೇಕೆಂದೇ ಕೆಡಿಸಿದ ಯಂತ್ರದಲ್ಲಿ ಏನೇನು ಕೆಟ್ಟಿದೆ ಅಂತ ಯಾವ ಮ್ಯಾನ್ಯುಯಲ್ಲೂ ಹೇಳಲ್ಲ.

ಹೀಗೆ 40ಕ್ಕೂ ಹೆಚ್ಚು ಲಿಬರೇಟರ್‌ಗಳು ಮತ್ತೆ ಹಾರಿದವು. ವಾಯುಪಡೆ ಅವನ್ನು 1968ರವರೆಗೆ ಬಳಸಿತು. ಅಷ್ಟರಲ್ಲಿ ಜಗತ್ತಿನ ಉಳಿದೆಡೆ ಈ ಮಾದರಿ ಹೆಚ್ಚುಕಡಿಮೆ ಮಾಯವಾಗಿತ್ತು. ಹಾಗಾಗಿ ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳು ಭಾರತದಿಂದಲೇ ತರಿಸಿಕೊಂಡವು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲೂ ಒಂದಿದೆ. ಇವುಗಳನ್ನು ಉಳಿಸಿದ್ದು ಇತಿಹಾಸಪ್ರೇಮ ಅಲ್ಲ, ಬಳಕೆ.

ಎತ್ತಿದರೆ ಉಳಿಯಿತೇ?

ಬಿದ್ದ ವಿಮಾನಗಳ ಲೆಕ್ಕ ಬೇರೆ. 1940ರ ಆಗಸ್ಟ್‌ನಲ್ಲಿ ಇಂಗ್ಲಿಷ್ ಕಡಲ್ಗಾಲುವೆಗೆ ಬಿದ್ದ ಜರ್ಮನಿಯ ಡಾರ್ನಿಯರ್ ಡಿಒ-17 ಬಾಂಬರನ್ನು 2013ರ ಜೂನ್‌ನಲ್ಲಿ ಮೇಲೆತ್ತಿದರು. ಆ ಜಾತಿಯಲ್ಲಿ ಉಳಿದದ್ದು ಅದೊಂದೇ ಎಂದು ತಿಳಿದಿತ್ತು. ಎತ್ತಿದ್ದು ಕೆಲಸದ ಆರಂಭ ಮಾತ್ರ. ಉಪ್ಪುನೀರಿನ ಕ್ಲೋರೈಡ್ ಅಲ್ಯುಮಿನಿಯಂ ಮಿಶ್ರಲೋಹದೊಳಗೆ ಹೊಕ್ಕು ಕೂತಿರುತ್ತದೆ. ನೀರಿನಿಂದ ಹೊರಗೆ ಬಂದು ಗಾಳಿ ತಾಗಿತೋ, ಲೋಹ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಅದಕ್ಕೇ ಕಾಸ್‌ಫರ್ಡ್‌ನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಡೇರೆಯೊಳಗಿಟ್ಟು, ಸಿಟ್ರಿಕ್ ಆಮ್ಲದ ದ್ರಾವಣವನ್ನು ದೀರ್ಘಕಾಲ ಸಿಂಪಡಿಸಬೇಕಾಯಿತು. ಇದಕ್ಕೆ ದುಡ್ಡು, ತಾಳ್ಮೆ ಇಲ್ಲದವರು ಎತ್ತದಿರುವುದೇ ವಾಸಿ.

ಇನ್ನೊಂದು ಬಗೆಯ ನಷ್ಟ ಬಣ್ಣದ ಡಬ್ಬಿಯಿಂದ ಆಗೋದು. 2012ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬ್ರಿಟಿಷ್ ವಾಯುಪಡೆಯ ಕಿಟ್ಟಿಹಾಕ್ ಫೈಟರೊಂದು ಸಿಕ್ಕಿತು. ಎಪ್ಪತ್ತು ವರ್ಷ ಒಣಹವೆ ಕಾಪಾಡಿದ್ದ ಅದರ ಮೂಲ ಮೈ, ಅಲ್ ಅಲಮೇನ್ ಸಂಗ್ರಹಾಲಯದಲ್ಲಿ ಹೊಸ ಬಣ್ಣದಡಿ ಹೋಯಿತು.

ನಮ್ಮ ಕಾಡಿನಲ್ಲಿರುವವು

ಈ ಪ್ರಶ್ನೆ ನಮಗೂ ಇದೆ. ಅಸ್ಸಾಂನಿಂದ ಚೀನಾಕ್ಕೆ ಸರಕು ಸಾಗಿಸುತ್ತಿದ್ದ 'ಹಂಪ್' ಮಾರ್ಗದಲ್ಲಿ ನೂರಾರು ವಿಮಾನಗಳು ಬಿದ್ದವು. 1944ರ ಜನವರಿಯಲ್ಲಿ ಕಾಣೆಯಾದ ಬಿ-24 ಒಂದು ಅರುಣಾಚಲದ ಬೆಟ್ಟದಲ್ಲಿ ಪತ್ತೆಯಾದದ್ದು 2006ರಲ್ಲಿ. ಅದರಲ್ಲಿದ್ದವರು ಎಂಟು ಮಂದಿ. ಅಂಥ ಜಾಗ ಗುಜರಿಯಲ್ಲ, ಸಮಾಧಿ. ಪಾಸಿಘಾಟ್‌ನಲ್ಲಿ 2023ರಲ್ಲಿ ಹಂಪ್ ಸಂಗ್ರಹಾಲಯ ತೆರೆದದ್ದು ಒಳ್ಳೆಯದೇ. ಆದರೆ ಕಾಡಿನಿಂದ ಇನ್ನೊಂದು ತುಂಡು ತರುವ ಮೊದಲು ಬಿದ್ದ ಜಾಗ, ತುಂಡುಗಳು ಬಿದ್ದಿದ್ದ ರೀತಿ, ನಂಬರ್ ಪ್ಲೇಟ್ ಇವಿಷ್ಟನ್ನು ದಾಖಲಿಸಲೇಬೇಕು. ಯಾವ ವಿಮಾನ, ಯಾರಿದ್ದರು, ಹೇಗೆ ಬಿತ್ತು ಅನ್ನೋದಕ್ಕೆ ಉತ್ತರ ಅಲ್ಲಿದೆ. ತೂಕದ ಲೆಕ್ಕದಲ್ಲಿ ಮಾರಿಹೋದ ತಗಡಿನ ಜೊತೆ ಆ ಉತ್ತರವೂ ಹೋಗುತ್ತದೆ. ಅದಕ್ಕಾಗಿ ಇನ್ನೂ ಕಾಯುತ್ತಿರುವ ಮನೆಗಳಿವೆ.