ನೆಲಹಾಸಿನ ತಳಪದರ

ನೆಲಹಾಸಿನ ತಳಪದರವು ಕಲ್ಲು, ಟೈಲ್ಸ್ ಮೊದಲಾದ ನೆಲಹಾಸಿನ ಅಡಿಯಲ್ಲಿದ್ದು ಅದರ ಭಾರವನ್ನು ಹೊರುವ ಪದರವಾಗಿದೆ. ನೆಲಹಾಸು ಹಾಕುವ ಮೊದಲು ಇದನ್ನು ಗಟ್ಟಿಗೊಳಿಸಿ, ಸಮತಟ್ಟು ಮಾಡಿ, ತೇವವನ್ನು ಪರೀಕ್ಷಿಸಲಾಗುತ್ತದೆ. ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಎರೆಮಣ್ಣಿನ ನೆಲೆಗಳಲ್ಲಿ ಈ ಸಿದ್ಧತೆಗೆ ವಿಶೇಷ ಮಹತ್ವವಿದೆ.

ಮಣ್ಣಿನ ಗುಣ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಖನಿಜಗಳು ಹೆಚ್ಚಾಗಿರುತ್ತವೆ. ಈ ಮಣ್ಣು ನೀರನ್ನು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇದರ ಮೇಲೆ ನೇರವಾಗಿ ಹಾಸಿದ ನೆಲವು ಕೆಲವೆಡೆ ಏಳುತ್ತದೆ, ಕೆಲವೆಡೆ ಕುಸಿಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಇರುವ ಕಡೆ ಮಳೆಗಾಲದ ನಂತರವೂ ನೆಲದಲ್ಲಿ ತೇವ ಉಳಿಯಬಹುದು.

ಈ ಭಾಗದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಶಹಾಬಾದ್ ಕಲ್ಲು ಭೀಮಾ ಕಣಿವೆಯ ಪದರುಪದರಾದ ಸುಣ್ಣಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್ ಪಟ್ಟಣದಿಂದ ಇದಕ್ಕೆ ಆ ಹೆಸರು ಬಂದಿದೆ. ಚಪ್ಪಡಿ ಗಟ್ಟಿಯಾಗಿದ್ದರೂ ಅಡಿಯಲ್ಲಿ ಪೊಳ್ಳು ಉಳಿದರೆ ಭಾರ ಬಿದ್ದಾಗ ಒಡೆಯುತ್ತದೆ.

ಹೊಸ ಕಟ್ಟಡದಲ್ಲಿ ಸಿದ್ಧತೆ

* ಅಡಿಪಾಯದ ಗೋಡೆಗಳ ನಡುವಿನ ಎರೆಮಣ್ಣು, ಬೇರು ಹಾಗೂ ಕಸವನ್ನು ತೆಗೆಯಲಾಗುತ್ತದೆ. ಅಗೆದ ಎರೆಮಣ್ಣನ್ನು ಮತ್ತೆ ತುಂಬುವುದಿಲ್ಲ.
* ಆ ಜಾಗಕ್ಕೆ ಗರಸನ್ನು 15ರಿಂದ 20 ಸೆಂ.ಮೀ. ದಪ್ಪದ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸು ಹೊಡೆದು ಗಟ್ಟಿಗೊಳಿಸಲಾಗುತ್ತದೆ. ಒಂದೇ ಬಾರಿಗೆ ತುಂಬಿದರೆ ಕೆಳಭಾಗ ಸಡಿಲವಾಗಿಯೇ ಉಳಿಯುತ್ತದೆ.
* ಅದರ ಮೇಲೆ ಸಿಮೆಂಟ್, ಮರಳು, ಜಲ್ಲಿಗಳನ್ನು 1:4:8 ಪ್ರಮಾಣದಲ್ಲಿ ಬೆರೆಸಿದ ಸುಮಾರು 10 ಸೆಂ.ಮೀ. ದಪ್ಪದ ಕಾಂಕ್ರೀಟ್ ಹಾಕಿ, ಕನಿಷ್ಠ 7 ದಿನ ನೀರುಣಿಸಲಾಗುತ್ತದೆ.
* ಎಳೆದಾರ ಮತ್ತು ರಸಮಟ್ಟದಿಂದ ಮಟ್ಟ ನೋಡಲಾಗುತ್ತದೆ. ಬಚ್ಚಲುಮನೆಯಲ್ಲಿ ನೀರಿನ ಕಿಂಡಿಯ ಕಡೆಗೆ ಇಳಿಜಾರು ಕೊಡಲಾಗುತ್ತದೆ.

ಹಳೆಯ ನೆಲದ ಮೇಲೆ

ಹಳೆಯ ಕಲ್ಲಿನ ನೆಲದ ಮೇಲೆ ಟೈಲ್ಸ್ ಹಾಕುವಾಗ ಪ್ರತಿ ಕಲ್ಲನ್ನೂ ತಟ್ಟಿ ನೋಡಲಾಗುತ್ತದೆ. ಪೊಳ್ಳು ಸದ್ದು ಬರುವ ಕಲ್ಲುಗಳನ್ನು ಕಿತ್ತು, ಆ ಜಾಗವನ್ನು ಗಾರೆಯಿಂದ ತುಂಬಲಾಗುತ್ತದೆ. ಎಣ್ಣೆ, ಮೇಣ, ಧೂಳನ್ನು ತೆಗೆದು, ನುಣುಪಾದ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡಿದರೆ ಅಂಟು ಹಿಡಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ನೆಲಕ್ಕೆ ಅಂಟಿಸಿ ಒಂದು ದಿನ ಬಿಟ್ಟಾಗ ಅದರ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಕೆಳಗಿನಿಂದ ತೇವ ಏರುತ್ತಿದೆ ಎಂದು ತಿಳಿಯಬಹುದು. ನೆಲ ಎತ್ತರವಾಗುವುದರಿಂದ ಬಾಗಿಲು ಮತ್ತು ಹೊಸ್ತಿಲಿನ ಅಳತೆಯನ್ನೂ ಮೊದಲೇ ನೋಡಬೇಕಾಗುತ್ತದೆ.

ಮಿತಿಗಳು

ನೆಲದ ಜೊತೆಗೆ ಗೋಡೆಗಳಲ್ಲಿಯೂ ಓರೆಯಾದ ಬಿರುಕುಗಳಿದ್ದರೆ ಅಡಿಪಾಯವೇ ಅಲುಗಿರುವ ಸಾಧ್ಯತೆಯಿದೆ. ಅದನ್ನು ಇಂಜಿನಿಯರ್ ಪರಿಶೀಲಿಸುವ ಮೊದಲು ಹೊಸ ನೆಲ ಹಾಕಿದರೆ ಅದೂ ಬಿರುಕು ಬಿಡುತ್ತದೆ. ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದೆ ಹರಿದುಹೋಗುವ ವ್ಯವಸ್ಥೆಯು ತಳಪದರದ ಬಾಳಿಕೆಗೆ ಅಗತ್ಯವಾಗಿದೆ.