ಬ್ಯಾಕಪ್ ತಂತ್ರಾಂಶ ಮತ್ತು ಹೊಸ ಕಡತ ವ್ಯವಸ್ಥೆಗಳ ಹೊಂದಾಣಿಕೆ

ಬ್ಯಾಕಪ್ ತಂತ್ರಾಂಶ ಮತ್ತು ಕಡತ ವ್ಯವಸ್ಥೆಗಳ ಹೊಂದಾಣಿಕೆ ಎಂದರೆ, ಗಣಕಯಂತ್ರದ ಕಡತಗಳನ್ನು ಅವುಗಳ ಹೆಸರು, ದಿನಾಂಕ, ಅನುಮತಿ ಹಾಗೂ ಒಳವಿಷಯಗಳೊಡನೆ ನಕಲು ಮಾಡಿಟ್ಟು, ಅಗತ್ಯ ಬಿದ್ದಾಗ ಯಥಾವತ್ತಾಗಿ ಮರಳಿಸುವ ಸಾಮರ್ಥ್ಯ. ಕಡತ ವ್ಯವಸ್ಥೆ ಎಂಬುದು ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ, ಅದರ ಹೆಸರೇನು ಎಂಬ ಲೆಕ್ಕವನ್ನಿಡುವ ಏರ್ಪಾಡು. ಈ ಏರ್ಪಾಡು ಬದಲಾದಾಗ ಹಳೆಯದನ್ನು ನಂಬಿ ರಚಿತವಾದ ಬ್ಯಾಕಪ್ ತಂತ್ರಾಂಶವು ಕೆಲಸ ನಿಲ್ಲಿಸಬಹುದು. ಅದಕ್ಕಿಂತ ಕೆಟ್ಟದೆಂದರೆ, ಕೆಲಸ ಮಾಡಿದಂತೆ ತೋರಿ ಅಪೂರ್ಣವಾದ ನಕಲನ್ನು ಉಳಿಸಬಹುದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳಿಗೆ ಈ ಸಮಸ್ಯೆ ವಿಶೇಷ ರೂಪದಲ್ಲಿ ಎದುರಾಗುತ್ತದೆ.

ಹಿನ್ನೆಲೆ

2005ರಲ್ಲಿ ಜೆಡ್‌ಎಫ್‌ಎಸ್, 2009ರಲ್ಲಿ ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್, 2012ರಲ್ಲಿ ವಿಂಡೋಸ್ ಸರ್ವರ್‌ನ ಆರ್‌ಇಎಫ್‌ಎಸ್, 2017ರಲ್ಲಿ ಆಪಲ್‌ನ ಎಪಿಎಫ್‌ಎಸ್ ಬಳಕೆಗೆ ಬಂದವು. ಇವು ಒಂದೇ ದತ್ತಾಂಶವನ್ನು ಹಲವು ಕಡತಗಳ ನಡುವೆ ಹಂಚಿಕೊಳ್ಳುತ್ತವೆ. ಇದನ್ನರಿಯದ ತಂತ್ರಾಂಶವು ಹಂಚಿಕೊಂಡ ಭಾಗವನ್ನು ಪ್ರತಿ ಕಡತಕ್ಕೂ ಬೇರೆಯಾಗಿ ನಕಲು ಮಾಡುವುದರಿಂದ, ಮರಳಿಸುವಾಗ ಮೂಲ ಡಿಸ್ಕಿನಲ್ಲಿ ಹಿಡಿಸಿದ್ದು ಅಷ್ಟೇ ದೊಡ್ಡ ಹೊಸ ಡಿಸ್ಕಿನಲ್ಲಿ ಹಿಡಿಸದೆ ಹೋಗಬಹುದು.

ಹೊಸ ವ್ಯವಸ್ಥೆಯಲ್ಲಿ ಹಳೆಯ ಸೌಲಭ್ಯ ಇಲ್ಲದಿರುವುದೂ ಉಂಟು. ಆಪಲ್‌ನ ಟೈಮ್ ಮಷೀನ್ ಕಡತಕೋಶಗಳಿಗೆ ನೀಡುವ ಹಾರ್ಡ್ ಲಿಂಕ್‌ಗಳನ್ನು ಅವಲಂಬಿಸಿತ್ತು. ಎಪಿಎಫ್‌ಎಸ್ ಅವುಗಳನ್ನು ಕೈಬಿಟ್ಟಿತು. ಹೀಗಾಗಿ ಆ ವ್ಯವಸ್ಥೆಯ ಡಿಸ್ಕಿಗೆ ಟೈಮ್ ಮಷೀನ್ ನಕಲು ಬರೆಯಲು 2020ರ ಬಿಗ್ ಸರ್ ಆವೃತ್ತಿಯವರೆಗೆ ಕಾಯಬೇಕಾಯಿತು. ಲಿನಕ್ಸ್‌ನಲ್ಲಿಯೂ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 2014ರ 7ನೇ ಆವೃತ್ತಿಯಲ್ಲಿ ಎಕ್ಸ್‌ಎಫ್‌ಎಸ್ ಅನ್ನು ಮೂಲ ಆಯ್ಕೆಯಾಗಿಸಿದಾಗ, ಹಳೆಯ ಡಂಪ್ ಆಜ್ಞೆಯನ್ನು ನೆಚ್ಚಿದ್ದ ಕಚೇರಿಗಳು ಬೇರೆ ಉಪಕರಣಕ್ಕೆ ಬದಲಾಗಬೇಕಾಯಿತು.

ಕನ್ನಡ ಹೆಸರುಗಳ ಸಮಸ್ಯೆ

ಯೂನಿಕೋಡ್‌ನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು, ಅಂದರೆ ಕೀ, ಕೇ, ಕೈ, ಕೊ, ಕೋ ಅಕ್ಷರಗಳಲ್ಲಿರುವ ಚಿಹ್ನೆಗಳನ್ನು, ಎರಡು ಬಗೆಯಲ್ಲಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಬಿಡಿಸಿ ಎರಡು ಮೂರು ಸಂಕೇತಗಳಾಗಿ. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಅವು ಬೇರೆ ಬೇರೆ.

ಶಿವಮೊಗ್ಗ ಜಿಲ್ಲೆಯ ನೆರೆಹೊರೆಯ ಮೂರು ತಾಲ್ಲೂಕುಗಳ ಹೆಸರುಗಳೇ ಇದಕ್ಕೆ ಉತ್ತಮ ಉದಾಹರಣೆ. ‘ಸಾಗರ’ದಲ್ಲಿ ಬಿಡಿಸಬಹುದಾದ ಚಿಹ್ನೆಯಿಲ್ಲ, ಅದು ಎಲ್ಲೆಡೆ 4 ಸಂಕೇತ, ಯುಟಿಎಫ್-8 ಕ್ರಮದಲ್ಲಿ 12 ಬೈಟ್. ‘ಹೊಸನಗರ’ ಕೂಡಿಸಿ ಬರೆದರೆ 18 ಬೈಟ್, ಬಿಡಿಸಿದರೆ 21. ‘ತೀರ್ಥಹಳ್ಳಿ’ ಕ್ರಮವಾಗಿ 30 ಮತ್ತು 33. ಈ ಮೂರು ಹೆಸರುಗಳ ಕಡತಕೋಶಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಿದರೆ ಸಾಗರ ನಿರಾತಂಕವಾಗಿ ಸಾಗಿ, ಉಳಿದೆರಡು ತೊಡಕಿಗೆ ಸಿಲುಕುವುದು ಸಾಧ್ಯ.

1998ರಲ್ಲಿ ಬಂದ ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರುಗಳನ್ನೂ ಬಿಡಿಸಿಯೇ ಬರೆದಿಡುತ್ತಿತ್ತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್‌ಟಿ4 ಕೊಟ್ಟ ಹೆಸರನ್ನು ಕೊಟ್ಟಂತೆಯೇ ಇಡುತ್ತವೆ. ಆದುದರಿಂದ ಲಿನಕ್ಸ್ ಸರ್ವರಿನ ‘ಹೊಸನಗರ’ ಕಡತಕೋಶವು ಮ್ಯಾಕ್ ಡಿಸ್ಕಿಗೆ ಹೋಗಿ ಮರಳಿದರೆ, ನೋಡಲು ಒಂದೇ ಆದ ಎರಡು ‘ಹೊಸನಗರ’ಗಳು ಅಕ್ಕಪಕ್ಕ ಕುಳಿತಿರಬಹುದು. ಹೆಚ್ಚುವರಿ ಕಡತಗಳನ್ನು ಅಳಿಸುವ ಆಯ್ಕೆಯೊಡನೆ ಓಡುವ ತಂತ್ರಾಂಶವಾದರೆ, ಬಿಡಿಸಿದ ಹೆಸರು ಮೂಲದಲ್ಲಿಲ್ಲವೆಂದು ಬಗೆದು ಒಳ್ಳೆಯ ನಕಲನ್ನೇ ಅಳಿಸಲೂಬಹುದು. ಆರ್‌ಸಿಂಕ್ ತಂತ್ರಾಂಶದ 2008ರ 3.0 ಆವೃತ್ತಿಯಿಂದ ಹೆಸರುಗಳನ್ನು ಪರಿವರ್ತಿಸುವ ಆಯ್ಕೆ ಇದೆ. ಆದರೆ ಬಳಕೆದಾರರೇ ಅದನ್ನು ನಮೂದಿಸಬೇಕು.

ಹೊಸ ವ್ಯವಸ್ಥೆಗಳು ಒಂದೊಂದು ದಾರಿ ಹಿಡಿದಿವೆ. ಮ್ಯಾಕ್‌ನ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಉಳಿಸಿಕೊಂಡು, ಹೋಲಿಸುವಾಗ ಎರಡನ್ನೂ ಒಂದೆಂದು ಪರಿಗಣಿಸುತ್ತದೆ. ಜೆಡ್‌ಎಫ್‌ಎಸ್‌ನಲ್ಲಿ ಇಂತಹ ಹೋಲಿಕೆಯ ನಿಯಮವನ್ನು ದತ್ತಾಂಶಕೋಶವನ್ನು ಸೃಷ್ಟಿಸುವಾಗಲೇ ಆರಿಸಿಕೊಳ್ಳಬೇಕು, ಅನಂತರ ಬದಲಿಸಲಾಗದು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳ ಕಾಲದಲ್ಲಿ ಕಡತಗಳಿಗೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಡಲಾಗುತ್ತಿದ್ದುದರಿಂದ ಈ ಪ್ರಶ್ನೆ ಏಳಲಿಲ್ಲ. ಕನ್ನಡದಲ್ಲಿ ಹೆಸರಿಡುವ ಅನುಕೂಲ ಬಂದಮೇಲೆಯೇ ಈ ತೊಡಕೂ ಬಂದಿತು.

ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆ. ಹೊಸನಗರ ತಾಲ್ಲೂಕಿನ ‘ರಿಪ್ಪನ್‌ಪೇಟೆ’ಯನ್ನು ಬರೆಯುವಾಗ ಇದು ಬೇಕಾಗುತ್ತದೆ. ಎಕ್ಸ್‌ಟಿ4ರಲ್ಲಿ ಈ ಚಿಹ್ನೆ ಇರುವ ಮತ್ತು ಇಲ್ಲದ ಹೆಸರುಗಳು ಎರಡು ಕಡತಗಳಾಗಬಲ್ಲವು. ಹೋಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಅವೆರಡೂ ಒಂದೇ ಹೆಸರಾಗಿ, ಒಂದರ ಮೇಲೊಂದು ಬರೆದುಹೋಗುವ ಅಪಾಯವಿದೆ.

ಹೆಸರಿನ ಉದ್ದ

ಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷ್ ಅಕ್ಷರವೊಂದಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. ಆದ್ದರಿಂದ ಕನ್ನಡಕ್ಕೆ ದಕ್ಕುವುದು 85 ಸಂಕೇತ ಮಾತ್ರ. ಎನ್‌ಟಿಎಫ್‌ಎಸ್‌ನಲ್ಲಿ ಕನ್ನಡಕ್ಕೂ 255 ಸಂಕೇತಗಳ ಅವಕಾಶವಿದೆ.

ಈ ವ್ಯತ್ಯಾಸ ಕಾಗದದ ಮೇಲಿನದಷ್ಟೇ ಅಲ್ಲ. ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗ್ರಾಮಗಳು ಮುಳುಗಡೆಯಾದವು. ನೆಲೆ ಕಳೆದುಕೊಂಡ ಕುಟುಂಬಗಳ ಭೂಹಕ್ಕಿನ ಪ್ರಶ್ನೆ ದಶಕಗಳ ಕಾಲ ಇತ್ಯರ್ಥವಾಗದೆ ಉಳಿದುದರಿಂದ, ಅವರಿಗೆ ಹಳೆಯ ಪತ್ರಗಳ ಒಂದೊಂದು ನಕಲೂ ಅಮೂಲ್ಯ. ಅಂತಹ ಪತ್ರಗಳನ್ನು ಸ್ಕ್ಯಾನ್ ಮಾಡಿ ‘ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕು ಶರಾವತಿ ಮುಳುಗಡೆ ಸಂತ್ರಸ್ತರ ಪುನರ್ವಸತಿ ಜಮೀನಿನ ಹಕ್ಕುಪತ್ರಗಳ ನಕಲು’ ಎಂದು ಹೆಸರಿಟ್ಟರೆಂದು ಭಾವಿಸಿದರೆ, ಹನ್ನೊಂದೇ ಪದಗಳ ಈ ಹೆಸರು ಖಾಲಿ ಜಾಗಗಳೂ ಸೇರಿ 262 ಬೈಟ್ ಆಗುತ್ತದೆ. ವಿಂಡೋಸ್‌ನಲ್ಲಿ 94 ಸಂಕೇತಗಳ ಈ ಹೆಸರಿಗೆ ಅಡ್ಡಿಯಿಲ್ಲ; ಲಿನಕ್ಸ್‌ನ ಮೇಲಿನ ಮೂರು ವ್ಯವಸ್ಥೆಗಳು ಇದನ್ನು ಸ್ವೀಕರಿಸುವುದಿಲ್ಲ. ಸಾವಿರಾರು ಕಡತಗಳ ನಡುವೆ ಬಿಟ್ಟುಹೋದ ಒಂದು ಕಡತ ದೋಷಗಳ ಪಟ್ಟಿಯ ಒಂದು ಸಾಲಾಗಿ ಮಾತ್ರ ಉಳಿಯುತ್ತದೆ, ಆ ಪಟ್ಟಿಯನ್ನು ಓದುವವರು ವಿರಳ.

ದತ್ತಸಂಚಯದಲ್ಲಿರುವ ದಾಖಲೆಗಳಿಗೆ ಈ ತೊಡಕಿಲ್ಲ. ಭೂಮಿ ಯೋಜನೆಯ ಪಹಣಿಗಳಲ್ಲಿ ಊರಿನ ಹೆಸರು ದತ್ತಾಂಶದೊಳಗಿನ ಮಾಹಿತಿಯೇ ಹೊರತು ಕಡತದ ಹೆಸರಲ್ಲ.

ಪರೀಕ್ಷಾ ವಿಧಾನ

ಬ್ಯಾಕಪ್ ಪೂರ್ಣಗೊಂಡಿತೆಂಬ ಸಂದೇಶ ಹೊಂದಾಣಿಕೆಗೆ ಪ್ರಮಾಣವಾಗದು. ಬೇರೊಂದು ಡಿಸ್ಕಿನಲ್ಲಿ, ಮುಂದೆ ಬಳಸಲಿರುವ ಕಡತ ವ್ಯವಸ್ಥೆಯ ಮೇಲೆಯೇ ಮರಳಿಸಿ ನೋಡುವುದು ವಿಶ್ವಾಸಾರ್ಹ ಕ್ರಮ. ಕಡತಗಳ ಸಂಖ್ಯೆ, ಒಳವಿಷಯದ ಚೆಕ್‌ಸಮ್ ಮತ್ತು ಹೆಸರುಗಳ ಬೈಟ್‌ಗಳನ್ನು ಮೂಲದೊಡನೆ ಹೋಲಿಸಬೇಕು. ಕಣ್ಣಿನಿಂದ ಹೆಸರನ್ನು ಓದಿದರೆ ಬಿಡಿಸಿದ ರೂಪ ಪತ್ತೆಯಾಗುವುದಿಲ್ಲ. ಕನ್ನಡಕ್ಕಾಗಿ ಪರೀಕ್ಷಾ ಕಡತಗಳನ್ನು ಸಿದ್ಧಪಡಿಸುವಾಗ ಹೆಗ್ಗೋಡು, ಇಕ್ಕೇರಿ, ಜೋಗದಂತಹ ಹೆಸರುಗಳನ್ನು ಆರಿಸಿಕೊಳ್ಳುವುದು ಉಚಿತ. ಕೆಳದಿ, ಕುಪ್ಪಳ್ಳಿ, ಆಗುಂಬೆಗಳಲ್ಲಿ ಬಿಡಿಸಬಹುದಾದ ಚಿಹ್ನೆಗಳಿಲ್ಲವಾದ್ದರಿಂದ ಅವುಗಳಿಂದ ದೋಷ ಹೊರಬೀಳುವುದಿಲ್ಲ.